ಹತ್ತಕ್ಕೆ ಹತ್ತು ಕೊಡದ ದ್ವಾರಕನಾಥರು

ದ್ವಾರಕನಾಥರಿಗೆ ಈ ಪ್ರಪಂಚದಲ್ಲಿ ಎಲ್ಲಕ್ಕಿಂತ ಹೆಚ್ಚು ಮೈ ಉರಿಸುತ್ತಿದ್ದ ಶಬ್ದವೆಂದರೆ 'ಸೂಪರ್'. ಮಗು ಗೋಡೆಯ ಮೇಲೆ ಗೀಚಿದರೂ ಸೂಪರ್, ಉಪ್ಪಿಲ್ಲದ ಬಿಸಿಬೇಳೆಬಾತೂ ಸೂಪರ್, ತಾಳ ತಪ್ಪಿ ಹಾಡಿದ ಭಾವಗೀತೆಯೂ ಸೂಪರ್. ಕಣ್ಣು ಬಿಟ್ಟು ನೋಡುವ ಶ್ರಮ ಬೇಡವಾದವರು ಬಾಯಿಗೆ ಬಂದಂತೆ ಎಸೆಯುವ ಮಾತು ಅದು ಎಂಬುದು ಅವರ ಖಚಿತವಾದ ಅಭಿಪ್ರಾಯ. ಸಿಂಗಾಪುರದ ಪಾಸಿರ್ ರಿಸ್‌ನ ಹನ್ನೊಂದನೆಯ ಮಹಡಿಯ ಅವರ ಮನೆಗೆ ಬಂದವರು ಯಾರಾದರೂ ಅಪ್ಪಿತಪ್ಪಿ ಆ ಶಬ್ದ ಆಡಿದರೆ, ಅನ್ನದಲ್ಲಿ ಕಲ್ಲು ಸಿಕ್ಕಿದವರ ಹಾಗೆ ಮುಖ ಮಾಡುತ್ತಿದ್ದರು.

ಅವರ ನೌಕರಿಯೂ ಅದಕ್ಕೆ ತಕ್ಕದ್ದೇ. ಚಾಂಗಿ ಬಿಸಿನೆಸ್ ಪಾರ್ಕ್‌ನಲ್ಲಿ ಒಂದು ಬ್ಯಾಂಕಿನ ಐಟಿ ಕೇಂದ್ರ. ಅಲ್ಲಿ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥರು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ. ಸಂಬಳ ಕೊಡದೇ ಇದ್ದಿದ್ದರೆ ಪುಕ್ಕಟೆಯಾಗಿ ಹುಡುಕುತ್ತಿದ್ದರು ಅಷ್ಟೆ. ಇದು ಅವರಿಗೆ ರಕ್ತದಲ್ಲೇ ಬಂದದ್ದು. ತಂದೆ ರಾಜಾಜಿನಗರದ ಕಾಲೇಜೊಂದರಲ್ಲಿ ಫಿಸಿಕ್ಸ್ ಲೆಕ್ಚರರ್. ಪಿಯುಸಿ ಉತ್ತರ ಪತ್ರಿಕೆ ತಿದ್ದಲು ಕೂತರೆ ಮೂವತ್ತನಾಲ್ಕಕ್ಕೆ ಪೆನ್ನು ಮುಚ್ಚುವುದಕ್ಕೆ ಹೆಸರಾಗಿದ್ದವರು. ಪಾಸಾಗಲು ಇನ್ನೊಂದೇ ಅಂಕ, ಕೊಟ್ಟುಬಿಡಿ ಸಾರ್, ನಿಮ್ಮ ಗಂಟೇನು ಹೋಗುತ್ತೆ ಎಂದು ಪಕ್ಕದ ಮೇಷ್ಟರು ಗೋಗರೆದರೆ, ನನ್ನ ಗಂಟಲ್ಲ, ಮೂವತ್ತೈದು ನಿಜವಾಗಿ ತೆಗೆದವನ ಗಂಟು ಹೋಗುತ್ತೆ ಎನ್ನುತ್ತಿದ್ದರಂತೆ. ದ್ವಾರಕನಾಥರು ಆಸ್ತಿಯೆಂದು ಊರಿನಿಂದ ತಂದದ್ದು ಈ ಒಂದು ಮಾತನ್ನು ಮಾತ್ರ.

ಈ ಮಾತನ್ನು ಅವರು ಖರ್ಚು ಮಾಡುತ್ತಿದ್ದ ಜಾಗ ವಿಚಿತ್ರವಾದದ್ದು. ಹೆಬ್ಬೆರಳಿಗಿಂತ ಗಿಡ್ಡದಾದ ಬೊಂಬೆಗಳಿಗೆ ಬಣ್ಣ ಬಳಿಯುವ ಹವ್ಯಾಸ ಒಂದಿದೆ. ಸೈನಿಕರು, ರಾಕ್ಷಸರು, ಕುದುರೆ ಸವಾರರು, ಮೀನು ಮಾರುವ ಹೆಂಗಸರು, ಎಲ್ಲ ಬೂದು ಬಣ್ಣದ ಅಚ್ಚಿನಲ್ಲಿ ಬರುತ್ತವೆ. ನಾಲ್ಕಾರು ಕೂದಲಿನ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಕಣ್ಣು ಹುಬ್ಬಿನ ತನಕ ಬಣ್ಣ ತುಂಬಬೇಕು. ತುಂಬಿದ್ದಾದ ಮೇಲೆ ಫೋಟೋ ತೆಗೆದು 'ಟೈನಿ ರೆಜಿಮೆಂಟ್' ಎಂಬ ಆನ್‌ಲೈನ್ ಗ್ಯಾಲರಿಗೆ ಹಾಕಬೇಕು. ಇಂಗ್ಲೆಂಡಿನಲ್ಲಿ ಕೂತ ಮೂರು ಮತ್ತೊಂದು ಜನ ನಡೆಸುವ ಗ್ಯಾಲರಿ ಅದು. ಸದಸ್ಯರು ಒಂದರಿಂದ ಹತ್ತರ ತನಕ ಅಂಕ ಕೊಡುತ್ತಾರೆ, ಸರಾಸರಿ ಫೋಟೋದ ಕೆಳಗೆ ಬೀಳುತ್ತದೆ. ದ್ವಾರಕನಾಥರು ಅಲ್ಲಿ ಸೇರಿದ್ದು 2006ರಲ್ಲಿ. ಈ ಕಥೆ ನಡೆದ 2015ರ ಹೊತ್ತಿಗೆ ಅವರು ತಾವೇ ಬಣ್ಣ ಹಚ್ಚಿ ಮುಗಿಸಿದ ಬೊಂಬೆಗಳು ಹನ್ನೊಂದು. ಅಂಕ ಕೊಟ್ಟ ಬೊಂಬೆಗಳು ಮೂರು ಸಾವಿರದ ಎಂಟುನೂರ ಚಿಲ್ಲರೆ. ತಪ್ಪು ಅಷ್ಟೊಂದು ಚೆನ್ನಾಗಿ ಕಾಣುವವರಿಗೆ ಕೆಲಸ ಮುಗಿಯುವುದಿಲ್ಲ. ಇದನ್ನು ಅವರ ಹೆಂಡತಿ ನಾಗಮಣಿ ಬಹಳ ಹಿಂದೆಯೇ ಗಮನಿಸಿದ್ದರು, ಗಮನಿಸಿದ್ದನ್ನು ಹೇಳಿಯೂ ಇದ್ದರು.

ಗ್ಯಾಲರಿಯಲ್ಲಿ ನಡೆಯುತ್ತಿದ್ದ ಅಂಕದ ವ್ಯವಹಾರ ನೋಡಿದರೆ ಯಾರಿಗಾದರೂ ವಾಕರಿಕೆ ಬರುವಂಥದ್ದು. ಮದುವೆ ಮನೆಯ ಮುಯ್ಯಿಯ ಹಾಗೆ, ನೀನು ನನಗೆ ಹತ್ತು ಹಾಕಿದ್ದೀಯ, ತಗೋ ನಿನಗೂ ಹತ್ತು. ಗೋಂದಿನಂಥ ಬಣ್ಣ ಬಳಿದು ಮೂಗು ಬಾಯಿ ಮುಚ್ಚಿಹೋದ ಬೊಂಬೆಗೂ ಒಂಬತ್ತೂವರೆ ಸರಾಸರಿ. ಒಳ್ಳೆಯ ಕ್ಯಾಮೆರಾ ಇದ್ದವನಿಗೆ ಒಂದು ಅಂಕ ಹೆಚ್ಚು, ಕಾಯಿಲೆ ಬಿದ್ದು ಎದ್ದೆ ಎಂದು ಬರೆದುಕೊಂಡವನಿಗೆ ಎರಡು ಹೆಚ್ಚು. ಎಲ್ಲರೂ ಒಂಬತ್ತು ಹತ್ತರ ನಡುವೆ ಒತ್ತಾಗಿ ನಿಂತಿರುವಾಗ ಯಾರು ಒಳ್ಳೆಯವರು ಯಾರು ಕೆಟ್ಟವರು ಎಂದು ಕಂಡುಹಿಡಿಯುವುದು ಹೇಗೆ? ದ್ವಾರಕನಾಥರು ಇದಕ್ಕೊಂದು ನಿಯಮಾವಳಿ ಬರೆದರು. ಹನ್ನೊಂದು ಪುಟ.

ಒಪ್ಪಿಕೊಳ್ಳಲೇಬೇಕು, ಅದರಲ್ಲಿದ್ದದ್ದು ಅಷ್ಟೂ ನ್ಯಾಯವಾದ ಮಾತೇ. ಬೊಂಬೆ ಕೈಯಲ್ಲಿ ಎಷ್ಟು ದೊಡ್ಡದಿರುತ್ತದೋ ಫೋಟೋವನ್ನೂ ಅಷ್ಟೇ ದೊಡ್ಡದಾಗಿ ನೋಡಬೇಕು. ಗೋಡೆಯಷ್ಟು ಹಿಗ್ಗಿಸಿ ಚರ್ಮದ ರಂಧ್ರ ಎಣಿಸುವವನು ಬೊಂಬೆಯನ್ನು ನೋಡುತ್ತಿಲ್ಲ, ತನ್ನ ಮಾನಿಟರನ್ನು ನೋಡುತ್ತಿದ್ದಾನೆ. ಅಚ್ಚು ಮಾಡಿದವನ ಜಾಣತನಕ್ಕೆ ಬಣ್ಣ ಹಚ್ಚಿದವನಿಗೆ ಅಂಕವಿಲ್ಲ. ಹೆಸರು ಓದುವ ಮೊದಲು ಬೊಂಬೆ ನೋಡು. ನೋಡಿದ ದಿನವೇ ಅಂಕ ಹಾಕಬೇಡ, ನಾಳೆಯೂ ಅದು ಅಷ್ಟೇ ಚೆನ್ನಾಗಿ ಕಾಣುತ್ತದೋ ನೋಡು. ಗೆರೆ ಮೀರದೆ, ಮೋಸ ಮಾಡದೆ, ಅಚ್ಚುಕಟ್ಟಾಗಿ ಮುಗಿಸಿದ್ದಕ್ಕೆ ಐದು. ಐದು ಎನ್ನುವುದು ಬೈಗುಳವಲ್ಲ. ಅಲ್ಲಿಂದ ಮೇಲಿನ ಒಂದೊಂದು ಮೆಟ್ಟಿಲನ್ನೂ ಬೊಂಬೆ ತಾನಾಗಿ ಹತ್ತಬೇಕು. ಕೊನೆಯ ಪುಟದಲ್ಲಿ ಶಿಕ್ಷೆಯೂ ಇತ್ತು. ಗುಂಪು ಕಟ್ಟಿಕೊಂಡು ಒಬ್ಬರ ಅಂಕ ಏರಿಸಲು ಬಂದವರ ಮತಗಳನ್ನೆಲ್ಲ ಅಳಿಸಬೇಕು. ಅಂಥ ಗುಂಪಿನಲ್ಲಿ ಹಳೆಯ ಸದಸ್ಯನೊಬ್ಬ ಸಿಕ್ಕಿಬಿದ್ದರೆ ಆವರೆಗೆ ಅವನು ಯಾರುಯಾರಿಗೆ ಕೊಟ್ಟಿದ್ದನೋ ಆ ಎಲ್ಲ ಅಂಕವೂ ರದ್ದಾಗಬೇಕು, ಅವನು ಮತ್ತೆಂದೂ ಅಂಕ ಕೊಡಕೂಡದು. ಇಂಗ್ಲೆಂಡಿನವರು ಉಳಿದ ಹತ್ತು ಪುಟವನ್ನು ನಯವಾಗಿ ಮೂಲೆಗಿಟ್ಟು, ಈ ಕೊನೆಯ ಪುಟವೊಂದನ್ನು 2012ರಲ್ಲಿ ಜಾರಿಗೆ ತಂದರು.

ಮೊದಮೊದಲು ಅವರನ್ನು ಜನ ಬೈದದ್ದಕ್ಕೆ ಲೆಕ್ಕವಿಲ್ಲ. ಹೊಟ್ಟೆಕಿಚ್ಚಿನವನು, ಕೈಲಾಗದವನು, ಕುರುಡ. ದ್ವಾರಕನಾಥರು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ನಾಲ್ಕು ಎಂದರೆ ನಾಲ್ಕು, ಕೆಳಗೆ ಯಾಕೆ ನಾಲ್ಕು ಎಂಬುದಕ್ಕೆ ಎಂಟು ಸಾಲು. ಒಂಬತ್ತು ವರ್ಷದಲ್ಲಿ ಏಳನ್ನು ದಾಟಿದ್ದೇ ಇಲ್ಲ. ಆದರೆ ನಿಧಾನವಾಗಿ ಏನಾಯಿತೆಂದರೆ, ಕೆಲಸದಲ್ಲಿ ನಿಜವಾದ ಆಸ್ಥೆ ಇದ್ದವರು ಆ ಎಂಟು ಸಾಲಿಗಾಗಿ ಕಾಯತೊಡಗಿದರು. ಪೋಲೆಂಡಿನವನೊಬ್ಬ ತನ್ನ ಪುಟದ ನೆತ್ತಿಯ ಮೇಲೆ 'ದ್ವಾರಕ್ ಕೈಯಿಂದ ಏಳು ಪಡೆದವನು' ಎಂದು ಬರೆದುಕೊಂಡ. ಆ ಸಾಲು ಓದಿದ ದಿನ ದ್ವಾರಕನಾಥರು ಆಫೀಸಿನಲ್ಲಿ ಯಾರ ತಪ್ಪನ್ನೂ ಹಿಡಿಯಲಿಲ್ಲ. ಮನೆ, ಇಲ್ಲೇ ಕಾಯಂ ಆಗಿ ಇರಲು ಪಿಆರ್, ವರ್ಷಕ್ಕೊಂದು ಪ್ರವಾಸ, ಇವೆಲ್ಲ ಸುತ್ತಮುತ್ತಲಿನ ಎಲ್ಲರಿಗೂ ಇದ್ದವು. ತಾನು ಹೇಳಿದ ಅಂಕವನ್ನು ಜನ ನಂಬುತ್ತಾರೆ ಎಂಬುದು ಮಾತ್ರ ಅವರೊಬ್ಬರಿಗೇ ಇದ್ದದ್ದು. ಅದು ಹೋದರೆ ಅವರ ಬಳಿ ಉಳಿಯುತ್ತಿದ್ದದ್ದು ಹನ್ನೊಂದು ಬೊಂಬೆ.

ನಾಗಮಣಿ ಒಂದು ಚೈಲ್ಡ್‌ಕೇರ್‌ನಲ್ಲಿ ಟೀಚರ್. ದಿನಾ ಸಂಜೆ ಎಲ್ಲ ಮಕ್ಕಳ ಅಂಗೈಗೂ ಒಂದೊಂದು ಸ್ಟಾರ್ ಅಂಟಿಸಿ ಮನೆಗೆ ಕಳಿಸುವುದು ಅವರ ಪದ್ಧತಿ. ಎಲ್ಲರಿಗೂ ಕೊಟ್ಟರೆ ಅದು ಸ್ಟಾರ್ ಹೇಗಾಗುತ್ತದೆ, ಬರೀ ಸ್ಟಿಕ್ಕರ್ ಎಂದು ಗಂಡ ಕೊಂಕು ತೆಗೆದರೆ, ಮೂರು ವರ್ಷದ ಮಗುವಿಗೂ ಮೂವತ್ತನಾಲ್ಕು ಕೊಡುವ ಮನೆತನ ನಿಮ್ಮದು ಎಂದು ಅವರು ಮುಖಕ್ಕೆ ಮಂಗಳಾರತಿ ಎತ್ತುತ್ತಿದ್ದರು.

ಪ್ರಣತಿ ಇವರ ಪಕ್ಕದ ಬ್ಲಾಕಿನ ಹುಡುಗಿ. ಹತ್ತೊಂಬತ್ತು ವರ್ಷ, ಪಾಲಿಟೆಕ್ನಿಕ್‌ನಲ್ಲಿ ಡಿಸೈನ್ ಓದು, ಇಲ್ಲೇ ಹುಟ್ಟಿ ಬೆಳೆದವಳು, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸುವವಳು. ಗ್ಯಾಲರಿಯಲ್ಲಿ ತನ್ನ ಮೊದಲ ಬೊಂಬೆಗೆ ಮೂರು ಹಾಕಿದ 'ದ್ವಾರಕ್' ತನ್ನ ಕಿಟಕಿಯ ಎದುರಿಗೇ ಇರುವ ಅಂಕಲ್ ಎಂದು ಅವಳಿಗೆ ಗೊತ್ತಾದದ್ದು ಅವರು ಲಿಫ್ಟಿನ ಬಳಿ ಕೊರಿಯರ್‌ನವನಿಂದ ಆ ಹೆಸರು ಬರೆದ ಕುಂಚದ ಪೊಟ್ಟಣ ಇಸಿದುಕೊಳ್ಳುತ್ತಿದ್ದಾಗ. ಅಳುಮೋರೆ ಮಾಡುತ್ತಾಳೆಂದುಕೊಂಡರು ದ್ವಾರಕನಾಥರು. ಅವಳು ಮುಂದಿನ ಶನಿವಾರ ಬೊಂಬೆಯನ್ನೇ ಡಬ್ಬಿಯಲ್ಲಿಟ್ಟುಕೊಂಡು ಬಂದಳು. ಬ್ಲಾಕಿನ ತಳದಲ್ಲಿರುವ ಗೋಡೆಯಿಲ್ಲದ ಹಜಾರ, ಅಂದರೆ ವಾಯ್ಡ್ ಡೆಕ್‌ನ ಕಲ್ಲಿನ ಮೇಜಿನ ಬಳಿ ಬೆಳಕು ಚೆನ್ನಾಗಿರುತ್ತದೆ. ಅಲ್ಲಿ ಕೂತು ಬಣ್ಣಕ್ಕೆ ನೀರೆಷ್ಟು, ಕುಂಚದ ತುದಿ ಒಣಗುವುದಕ್ಕೆ ಮೊದಲು ಎಷ್ಟು ಗೆರೆ ಎಂದೆಲ್ಲ ಕೇಳಿದಳು. ಮುಂದಿನ ಬೊಂಬೆಗೆ ನಾಲ್ಕು ಬಂತು, ಅದರ ಮುಂದಿನದಕ್ಕೆ ಐದು. ಐದು ಬಂದ ದಿನ ಅವಳು ಗೆಳತಿಯರಿಗೆ ಐಸ್‌ಕ್ರೀಂ ಕೊಡಿಸಿದಳಂತೆ. ದ್ವಾರಕನಾಥರಿಗೆ ಮನುಷ್ಯಕುಲದ ಮೇಲೆ ಇದ್ದ ಅಲ್ಪಸ್ವಲ್ಪ ಗೌರವವೆಲ್ಲ ಈ ಒಂದು ಹುಡುಗಿಯ ಹೆಸರಿನಲ್ಲಿ ಜಮೆಯಾಗಿತ್ತು.

2015ರ ಸೆಪ್ಟೆಂಬರಿನಲ್ಲಿ ಅವಳು ಒಂದು ಹೆಂಗಸಿನ ಬೊಂಬೆ ಹಾಕಿದಳು. ಹಳೆಯ ಕಾಲದಲ್ಲಿ ಚೀನಾದಿಂದ ಬಂದು ಇಲ್ಲಿಯ ಕಟ್ಟಡಗಳಿಗೆ ಕಲ್ಲು ಮಣ್ಣು ಹೊತ್ತ ಕೂಲಿ ಹೆಂಗಸು, ತಲೆಗೆ ಕೆಂಪು ವಸ್ತ್ರ. ದ್ವಾರಕನಾಥರು ಒಂದು ದಿನವಲ್ಲ, ಮೂರು ದಿನ ಕಾದು ಆರು ಕೊಟ್ಟರು. ಕೈ ಮೇಲಿನ ಸಿಮೆಂಟಿನ ಧೂಳು ನಿಜವಾಗಿ ಧೂಳಿನಂತಿದೆ ಎಂದು ಬರೆದರು. ಆಮೇಲೆ ತಪ್ಪು ನಾಲ್ಕು: ಕೆಂಪಿನ ಮಡಿಕೆಗೆ ಬೆಳಕು ತರಲು ಬಿಳಿ ಬೆರೆಸಿದ್ದರಿಂದ ಅದು ಗುಲಾಬಿಯಾಗಿದೆ, ಕಿತ್ತಳೆ ಬೆರೆಸಬೇಕಿತ್ತು; ಎಡಗಣ್ಣು ಬೇರೆಲ್ಲೋ ನೋಡುತ್ತಿದೆ; ಬುಟ್ಟಿ ಹೊಸದರಂತಿದೆ; ಕಾಲಿಗೂ ನೆಲಕ್ಕೂ ಸಂಬಂಧವಿಲ್ಲ. ಪ್ರಣತಿ ಅದರ ಕೆಳಗೆ ಥ್ಯಾಂಕ್ಸ್ ಎಂದಷ್ಟೇ ಬರೆದಳು. ಮಾರನೆಯ ದಿನದಿಂದ ಕಿತ್ತಳೆ ಬೆರೆಸಿ ನೋಡತೊಡಗಿದಳು.

ಇಲ್ಲಿಗೆ ಎಲ್ಲ ಸರಿಯಾಗಿತ್ತು. ಕೆಡಿಸಲು ಒಬ್ಬರು ತಾಯಿ ಬೇಕಿತ್ತು.

ಪ್ರಣತಿಯ ತಾಯಿ ಪದ್ಮಿನಿ ಈಸ್ಟ್ ಸೈಡ್ ಕನ್ನಡ ಕೂಟದ ಕಾರ್ಯದರ್ಶಿ. ಮೂವತ್ತು ನಲವತ್ತು ಮನೆಗಳ ಕೂಟ. ಯುಗಾದಿಗೆ ಊಟ, ನವೆಂಬರಿನಲ್ಲಿ ರಾಜ್ಯೋತ್ಸವ, ವರ್ಷವಿಡೀ ವಾಟ್ಸಾಪಿನಲ್ಲಿ ಒಬ್ಬರನ್ನೊಬ್ಬರು ಅಟ್ಟಕ್ಕೇರಿಸುವುದು. ಮಗಳ ಬೊಂಬೆಯ ಸರಾಸರಿ 7.2 ಎಂದು ಆಕೆಗೆ ಹೇಗೋ ಗೊತ್ತಾಯಿತು. ಗ್ಯಾಲರಿಯವರು ಪ್ರತಿ ವರ್ಷ ಅಕ್ಟೋಬರ್ ಕೊನೆಯ ತಾರೀಖಿನ ಸರಾಸರಿ ಹಿಡಿದು 'ವರ್ಷದ ನೂರು' ಎಂಬ ಪಟ್ಟಿ ಮಾಡುತ್ತಾರೆ, ಅದಕ್ಕೆ ಎಂಟರ ಮೇಲೆ ಬೇಕು ಎಂಬುದೂ ಗೊತ್ತಾಯಿತು. ಎಪ್ಪತ್ತೆರಡು ಪರ್ಸೆಂಟ್ ಎಂದರೆ ಡಿಸ್ಟಿಂಕ್ಷನ್ ಕೂಡ ಅಲ್ಲವಲ್ಲ ಎಂದು ಆಕೆಗೆ ಸಂಕಟ. ರಾಜ್ಯೋತ್ಸವದ ವೇದಿಕೆಯಲ್ಲಿ ಹೇಳಿಕೊಳ್ಳಲು ಎಷ್ಟು ಚೆನ್ನಾಗಿರುತ್ತಿತ್ತು. ಆಕೆ ಮಗಳನ್ನು ಒಂದು ಮಾತು ಕೇಳದೆ ವಾಟ್ಸಾಪಿನಲ್ಲಿ ಲಿಂಕ್ ಹಾಕಿದಳು: ನಮ್ಮ ಹುಡುಗಿ, ಎಲ್ಲರೂ ಸೇರಿ ಹತ್ತು ಒತ್ತಿ, ಎರಡೇ ನಿಮಿಷದ ಕೆಲಸ.

ಒಂದು ಶನಿವಾರ, ಭಾನುವಾರದಲ್ಲಿ ನಲವತ್ತಾರು ಜನ ಗ್ಯಾಲರಿಗೆ ಹೊಸದಾಗಿ ಸೇರಿದರು. ಅಷ್ಟೂ ಜನ ಒಂದೇ ಬೊಂಬೆಗೆ ಹತ್ತು ಒತ್ತಿದರು. 'ಸೂಪರ್ ಪುಟ್ಟಿ', 'ಕನ್ನಡದ ಹೆಮ್ಮೆ', 'ಕೀಪ್ ಇಟ್ ಅಪ್, ಮದುವೆಗೆ ಕರಿ' ಎಂದು ಕೆಳಗೆ ಬರೆದರು. ಕೂಟದ ಅಧ್ಯಕ್ಷ ಅನಂತರಾಮ್ ಕನ್ನಡಕ ಮರೆತು ಕೂತಿದ್ದರಿಂದ ಪಕ್ಕದ ಫೋಟೋದ ಹಸಿರು ರಾಕ್ಷಸನಿಗೆ 'ಚಿ. ಪ್ರಣತಿಗೆ ಹಾರ್ದಿಕ ಅಭಿನಂದನೆಗಳು' ಬರೆದು, ಆಮೇಲೆ ಯಾರೋ ತಿದ್ದಿದ ಮೇಲೆ ಹೆಂಗಸಿಗೂ ಬರೆದರು. ಯಾರೊಬ್ಬರೂ ಬೊಂಬೆಯನ್ನು ನೋಡಿರಲಿಲ್ಲ ಎಂದು ದ್ವಾರಕನಾಥರು ಪ್ರಮಾಣ ಮಾಡಿ ಹೇಳಬಲ್ಲವರಾಗಿದ್ದರು. ನೋಡಿದ್ದರೆ ಒಬ್ಬರಾದರೂ ಅದೇಕೆ ಎಡಗಣ್ಣು ಹಾಗಿದೆ ಎನ್ನುತ್ತಿದ್ದರು.

ಆದರೂ ಸರಾಸರಿ ಎಂಟನ್ನು ದಾಟಲಿಲ್ಲ. ಹಳೆಯ ಸದಸ್ಯರ ಒಂದು ಹತ್ತಿಗೆ ಹೊಸಬರ ಐದು ಹತ್ತರ ತೂಕವೆಂದು ಯಾರೋ ಪದ್ಮಿನಿಯ ಕಿವಿಗೆ ಹಾಕಿದರು. ಹಳಬರು ಅಂದರೆ ಕೂಟದಲ್ಲಿ ಒಬ್ಬರೇ. ಮುಂದಿನ ಶನಿವಾರ ಸಂಜೆ ಆಕೆ ಚಕ್ಕುಲಿ ಡಬ್ಬಿ ಹಿಡಿದು ಬಂದಳು. ಆರನ್ನು ಹತ್ತು ಮಾಡಬಹುದಾ ಎಂದು ನೇರವಾಗಿ ಕೇಳಿದಳು. ದ್ವಾರಕನಾಥರು ಮೂವತ್ತೈದು ನಿಜವಾಗಿ ತೆಗೆದವನ ಗಂಟಿನ ಮಾತನ್ನು ಮೊದಲುಗೊಂಡು ಹನ್ನೊಂದು ಪುಟದಲ್ಲಿ ಒಂಬತ್ತನ್ನಾದರೂ ಹೇಳಿ ಮುಗಿಸಿದರು. ಪದ್ಮಿನಿ ವಾದ ಮಾಡಲಿಲ್ಲ. ಪೂರ್ತಿ ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿಕೊಳ್ಳುತ್ತ, ಬೇರೆ ಏನೋ ಜ್ಞಾಪಕ ಬಂದವಳ ಹಾಗೆ ಹೇಳಿದಳು.

"ಅಂದ ಹಾಗೆ ಸರ್, ಈ ಸಲ ರಾಜ್ಯೋತ್ಸವಕ್ಕೆ ಯಾರಿಗೆ ಸನ್ಮಾನ ಅಂತ ಕಮಿಟಿಲಿ ಡಿಸ್ಕಸ್ ಆಗ್ತಿದೆ. ಹನ್ನೆರಡು ವರ್ಷದಿಂದ ಇಲ್ಲೇ ಇದೀರ, ಇಂಥ ಆರ್ಟಿಸ್ಟ್ ಅಂತ ನಮ್ಗೇ ಗೊತ್ತಿಲ್ವಲ್ಲ ಅಂತ ನಂಗೇ ಬೇಜಾರಾಯ್ತು."

ಅಷ್ಟೇ ಹೇಳಿ ಹೋದಳು. ಆಕೆ ಎರಡಕ್ಕೂ ಗಂಟು ಹಾಕಲಿಲ್ಲ. ಹಾಕಿಕೊಂಡವರು ದ್ವಾರಕನಾಥರೇ.

ಶಾಲು ಹೊದೆಸುವ ಸಮಾರಂಭಗಳನ್ನು ದ್ವಾರಕನಾಥರಷ್ಟು ಹೀನಾಯವಾಗಿ ಕಂಡವರು ಸಿಂಗಾಪುರದಲ್ಲಿ ಮತ್ತೊಬ್ಬರಿರಲಿಲ್ಲ. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಯಾರಿಗೂ ಬೇಡದ ಫಲಕ. ವರ್ಷವರ್ಷವೂ ಹಿಂದಿನ ಸಾಲಿನಲ್ಲಿ ಕೂತು, ಇವನೇನು ಕಡಿದು ಕಟ್ಟೆ ಹಾಕಿದ್ದಾನೆಂದು ಶಾಲು ಎಂದು ನಾಗಮಣಿಯ ಕಿವಿಯಲ್ಲಿ ಗೊಣಗಿದವರು. ಈಗ ನೋಡಿದರೆ, ಭಾನುವಾರ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ತಮ್ಮ ಹೆಗಲನ್ನು ನೋಡಿಕೊಂಡರು. ಹನ್ನೆರಡು ವರ್ಷದಲ್ಲಿ ಯಾರೂ ತಮ್ಮ ಹೆಸರನ್ನು ಮೈಕಿನಲ್ಲಿ ಕರೆದಿರಲಿಲ್ಲವೆಂಬುದು ಥಟ್ಟನೆ ಎದೆಗೆ ಚುಚ್ಚಿತು. ಇಂಥ ಆಸೆ ತಮ್ಮಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಬೇರೆಯವರ ಬೊಂಬೆಯ ಮೇಲೆ ಕೂದಲೆಳೆಯಷ್ಟು ತಪ್ಪನ್ನು ಹುಡುಕುವ ಕಣ್ಣಿಗೆ ಇದು ಕಾಣದೆ ಹೋಗಿತ್ತು.

ಮಧ್ಯಾಹ್ನ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದರು. ತಪ್ಪು ಹುಡುಕಲು ಎಂದೂ ಹಿಗ್ಗಿಸದ ಫೋಟೋವನ್ನು ಒಳ್ಳೆಯದನ್ನು ಹುಡುಕಲು ಗೋಡೆಯಷ್ಟು ಹಿಗ್ಗಿಸಿದರು. ಗುಲಾಬಿ ಅಷ್ಟೇನೂ ಗುಲಾಬಿಯಲ್ಲ ಎನಿಸಿತು. ಬಿಸಿಲಿನಲ್ಲಿ ಮಾಸಿದ ವಸ್ತ್ರ ಹಾಗೆಯೇ ಇರಬಹುದಲ್ಲ. ಎಡಗಣ್ಣು ಬೇರೆ ಕಡೆ ನೋಡುತ್ತಿದ್ದರೆ ಅದು ಆಯಾಸವಿರಬಹುದು. ಹುಡುಗಿ ಚಿಕ್ಕವಳು, ವಿಷಯ ದೊಡ್ಡದು, ನಲವತ್ತಾರು ಹತ್ತು ಬಿದ್ದ ಮೇಲೆ ನಲವತ್ತೇಳನೆಯದರಿಂದ ಯಾರ ಗಂಟು ಹೋಗುತ್ತದೆ? ತಂದೆಗೆ ಪಕ್ಕದ ಮೇಷ್ಟರು ಹೇಳುತ್ತಿದ್ದ ಮಾತನ್ನು ತಾವೇ ಆಡುತ್ತಿದ್ದೇವೆಂದು ಅವರಿಗೆ ಹೊಳೆಯಿತು. ಹೊಳೆದದ್ದನ್ನು ತಳ್ಳಿ ಆರನ್ನು ಹತ್ತು ಮಾಡಿದರು. ಮಾಡಿ ಲ್ಯಾಪ್‌ಟಾಪನ್ನು ಎಷ್ಟು ಬೇಗ ಮುಚ್ಚಿದರೆಂದರೆ, ಕೆಳಗೆ ತಾವೇ ಬರೆದ ನಾಲ್ಕು ತಪ್ಪಿನ ಪಟ್ಟಿ ಹಾಗೇ ಉಳಿಯಿತೆಂಬುದನ್ನು ನೋಡಲಿಲ್ಲ. ಮೇಲೆ ಹತ್ತು, ಕೆಳಗೆ 'ಆದ್ದರಿಂದ ಆರು'.

ಟೆಸ್ಟಿಂಗ್ ಮುಖ್ಯಸ್ಥರು ಮಾಡಿದ ಟೆಸ್ಟಿಂಗ್ ಇದು.

ರಾಜ್ಯೋತ್ಸವ ನವೆಂಬರಿನ ಎರಡನೆಯ ಭಾನುವಾರ, ಒಂದು ಕಮ್ಯುನಿಟಿ ಕ್ಲಬ್ಬಿನ ಹಾಲಿನಲ್ಲಿ. ಅನಂತರಾಮ್ ಮೈಕ್ ಹಿಡಿದು, ಅಕ್ಕಿಕಾಳಿನ ಮೇಲೆ ಶಿಲ್ಪ ಕೆತ್ತುವ ನಮ್ಮ ಹೆಮ್ಮೆಯ ಕಲಾವಿದ ಎಂದು ಪರಿಚಯಿಸಿದರು. ದ್ವಾರಕನಾಥರು ಜನ್ಮದಲ್ಲಿ ಅಕ್ಕಿಕಾಳನ್ನು ತಿಂದಿದ್ದರೇ ಹೊರತು ಕೆತ್ತಿರಲಿಲ್ಲ. ಬ್ಯಾಂಕಿನಲ್ಲಿ ಒಂದು ಅಲ್ಪವಿರಾಮ ಅತ್ತಿತ್ತಾದರೆ ಮೂರು ಇಮೇಲ್ ಬರೆಯುವ ಮನುಷ್ಯ ಈಗ ತುಟಿ ಪಿಟಕ್ಕೆನ್ನಲಿಲ್ಲ. ಪೇಟ ದೊಡ್ಡದಾಗಿ ಕಿವಿಯ ತನಕ ಇಳಿದಿತ್ತು. ಶಾಲಿನ ಜರಿ ಕತ್ತಿಗೆ ಚುಚ್ಚುತ್ತಿತ್ತು. ಫೋಟೋದಲ್ಲಿ ಅವರು ಮೂವತ್ತೆರಡೂ ಹಲ್ಲು ಬಿಟ್ಟುಕೊಂಡು ನಿಂತಿದ್ದಾರೆ. ಕೆಳಗಿಳಿದು ಬಂದಾಗ ಐದಾರು ಜನ ಸೂಪರ್ ಸರ್ ಎಂದರು, ಇವರು ಥ್ಯಾಂಕ್ಯೂ ಎಂದರು.

ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಪ್ರಣತಿ ಹತ್ತಿರ ಬಂದಳು. ಮುಖ ಗಂಟಿಕ್ಕಿಕೊಂಡಿದ್ದಳು. ಅಮ್ಮನೊಂದಿಗೆ ಎರಡು ವಾರದಿಂದ ಮಾತು ಬಿಟ್ಟಿದ್ದಾಳೆಂದೂ, ವಾಟ್ಸಾಪ್ ಗುಂಪಿನ ಕೆಲಸ ಅವಳಿಗೆ ನಾಚಿಕೆಗೇಡೆನಿಸಿದೆಯೆಂದೂ ಮೂರೇ ಮಾತಿನಲ್ಲಿ ತಿಳಿಸಿದಳು. ನಂತರ ದನಿ ತಗ್ಗಿಸಿದಳು.

"ಅಂಕಲ್, ಗ್ಯಾಲರಿಗೆ ನಾನೇ ಕಂಪ್ಲೇಂಟ್ ಕೊಟ್ಟಿದೀನಿ. ಎಲ್ಲಾ ಫೇಕ್ ವೋಟ್ಸ್ ರಿಮೂವ್ ಮಾಡಿ ಅಂತ. ಆಮೇಲೆ ಆ ಪೇಜ್ ಓಪನ್ನೇ ಮಾಡಿಲ್ಲ. ನಂಗೆ ಲಿಸ್ಟೂ ಬೇಡ, ಏನೂ ಬೇಡ ಲಾ. ನಿಮ್ ಸಿಕ್ಸ್ ಒಂದು ಇದ್ರೆ ಸಾಕು."

ದ್ವಾರಕನಾಥರ ತಟ್ಟೆಯಲ್ಲಿ ಆಗಷ್ಟೇ ಹೋಳಿಗೆ ಬಿದ್ದಿತ್ತು. ಅವರು ಏನೋ ಹೇಳಲು ಹೋಗಿ, ತುಪ್ಪ ಬೇಡವೆಂದು ಬಡಿಸುವವರಿಗೆ ಹೇಳಿದರು. ಆ ಕ್ಷಣದಲ್ಲಿ ನಿಜ ಹೇಳಿದ್ದರೆ ಹುಡುಗಿ ಬೈಯುತ್ತಿದ್ದಳು, ಬೈದು ಕ್ಷಮಿಸುತ್ತಿದ್ದಳೋ ಏನೋ. ಹೇಳಲು ಬೇಕಾದ ಧೈರ್ಯ ಆ ಜರಿ ಶಾಲಿನಲ್ಲೂ ಇರಲಿಲ್ಲ. ಊಟ ಬಿಟ್ಟು, ಹಣ್ಣಿನ ಬುಟ್ಟಿಯನ್ನು ನಾಗಮಣಿಯ ಕೈಗೆ ತುರುಕಿ, ಟ್ಯಾಕ್ಸಿ ಹಿಡಿದು ಮನೆಗೆ ಓಡಿದರು. ಹತ್ತನ್ನು ಮತ್ತೆ ಆರು ಮಾಡಬೇಕು, ಯಾರಿಗೂ ಗೊತ್ತಾಗದ ಹಾಗೆ. ಆದರೆ ಪಟ್ಟಿಗಾಗಿ ಅಕ್ಟೋಬರ್ ಕೊನೆಗೆ ಎಲ್ಲ ಅಂಕಗಳಿಗೂ ಬೀಗ ಬಿದ್ದಿತ್ತು. ಒತ್ತಿದರು, ಒತ್ತಿದರು. ಅಂಕ ಅಲ್ಲಾಡಲಿಲ್ಲ. ಪೇಟ ತೆಗೆಯಲು ಮರೆತೇ ಕೂತಿದ್ದರು.

ಮಂಗಳವಾರ ತೀರ್ಪು ಬಂತು. ಅಳಿಸಿದ ಮತದಾರರ ಹೆಸರುಗಳನ್ನು ಗ್ಯಾಲರಿಯವರು ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದರು. ನಲವತ್ತಾರು ಹೊಸ ಹೆಸರು, ಎಲ್ಲ ಒಂದೇ ವಾರಾಂತ್ಯದಲ್ಲಿ ಸಿಂಗಾಪುರದಿಂದ ಸೇರಿದವು. ನಲವತ್ತೇಳನೆಯದು ದ್ವಾರಕ್. ಒಂಬತ್ತು ವರ್ಷದ ಸದಸ್ಯ, ಏಳು ದಾಟದವನು, ಕೆಳಗೆ ಆರು ಎಂದು ಬರೆದು ಮೇಲೆ ಹತ್ತು ಹಾಕಿದವನು. ಅವರಿಗೆ ಪ್ರತ್ಯೇಕವಾಗಿ ಒಂದು ಪತ್ರವೂ ಬಂತು, ಬಹಳ ವಿನಯದ್ದು. ತಾವೇ ನಮಗೆ ಬರೆದುಕೊಟ್ಟ ನಿಯಮದಂತೆ ತಾವು ಈವರೆಗೆ ನೀಡಿದ ಎಲ್ಲ ಅಂಕಗಳನ್ನೂ ವಿಷಾದದಿಂದ ರದ್ದುಪಡಿಸುತ್ತಿದ್ದೇವೆ ಎಂದಿತ್ತು.

ಮೂರು ಸಾವಿರದ ಎಂಟುನೂರ ಚಿಲ್ಲರೆ ಮೂರು, ನಾಲ್ಕು, ಐದುಗಳು ಒಟ್ಟಿಗೆ ಮಾಯವಾದವು. ಅದರ ಪರಿಣಾಮವಾಗಿ ಪ್ರಪಂಚದಾದ್ಯಂತ ಮೂರು ಸಾವಿರಕ್ಕೂ ಹೆಚ್ಚು ಬೊಂಬೆಗಳ ಸರಾಸರಿ ಒಂದೇ ದಿನ ಮೇಲಕ್ಕೇರಿತು. ಗೋಂದು ಬಳಿದವರೆಲ್ಲ ಒಬ್ಬರಿಗೊಬ್ಬರು ಅಭಿನಂದನೆ ಬರೆದುಕೊಂಡರು. ದ್ವಾರಕನಾಥರು ಒಂಬತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸದಿಂದ ಗ್ಯಾಲರಿಯಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಪೋಲೆಂಡಿನವನು ತನ್ನ ಪುಟದ ನೆತ್ತಿಯ ಮೇಲಿನ ಸಾಲನ್ನು ಸದ್ದಿಲ್ಲದೆ ತೆಗೆದುಹಾಕಿದ. ಅದನ್ನು ನೋಡಿದಾಗ ಮಾತ್ರ ದ್ವಾರಕನಾಥರಿಗೆ ಅಳು ಬಂತು. ಬೇರೆಯವರು ಅತ್ತಿದ್ದರೆ ನಾಟಕ ಎನ್ನುತ್ತಿದ್ದರು.

ನಾಗಮಣಿ ಎಲ್ಲವನ್ನೂ ಕೇಳಿ ಹಂಗಿಸುತ್ತಾರೆಂದು ಕಾದರು. ಹಂಗಿಸಿದ್ದರೆ ಸಮಾಧಾನವಾಗುತ್ತಿತ್ತು. ಅವರು ಶಾಲನ್ನು ಮಡಿಸುತ್ತ ಒಂದೇ ಮಾತು ಹೇಳಿದರು. "ನಿಮ್ಗೆ ಶಾಲು ಬೇಕಿತ್ತು ಅಂದಿದ್ರೆ ನಾನೇ ತಂದು ಹೊದ್ಸ್ತಿದ್ನಲ್ಲ ರೀ."

ಪ್ರಣತಿ ಬರಲಿಲ್ಲ. ಕೆಳಗೆ ಲಿಫ್ಟಿನ ಹತ್ತಿರ ಸಿಕ್ಕರೆ ಹಲೋ ಅಂಕಲ್ ಎನ್ನುತ್ತಿದ್ದಳು, ಎಂ.ಆರ್.ಟಿ. ರೈಲಿನಲ್ಲಿ ಕಂಡರೆ ತಲೆ ಆಡಿಸುತ್ತಿದ್ದಳು. ಅವಳ ಬೊಂಬೆಗೆ ಉಳಿದದ್ದು 7.3. ಅದರ ಕೆಳಗಿನ ನಾಲ್ಕು ತಪ್ಪಿನ ಪಟ್ಟಿಯನ್ನೂ ಗ್ಯಾಲರಿಯವರು ಅಂಕದ ಜೊತೆಗೆ ತೆಗೆದುಬಿಟ್ಟಿದ್ದರು. ಡಿಸೆಂಬರ್ ಕಳೆಯಿತು. ಈ ನಡುವೆ ದ್ವಾರಕನಾಥರು ಹನ್ನೆರಡನೆಯ ಬೊಂಬೆ ಶುರು ಮಾಡಿ, ಬೂಟಿನ ತನಕ ಬಂದು ಬಿಟ್ಟರು.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಅವಳಾಗಿಯೇ ಡಬ್ಬಿ ಹಿಡಿದು ವಾಯ್ಡ್ ಡೆಕ್‌ಗೆ ಬಂದಳು. ಇವರು ಪೇಪರ್ ಓದುತ್ತ ಕೂತಿದ್ದರು. ಎದುರಿಗೆ ಕೂತು ಡಬ್ಬಿ ಬಿಚ್ಚಿ ಒಂದು ಬೊಂಬೆಯನ್ನು ಕಲ್ಲಿನ ಮೇಜಿನ ಮೇಲೆ ಇಟ್ಟಳು. ಬೀದಿಬದಿಯ ಮುದಿ ಕ್ಷೌರಿಕ, ಕುರ್ಚಿಯಲ್ಲಿ ಗಿರಾಕಿ, ಗಿರಾಕಿಯ ಕೊರಳಿನಿಂದ ಮೊಣಕಾಲಿನ ತನಕ ಬಿಳಿ ಬಟ್ಟೆ. ಬಿಳಿಗಿಂತ ಕಷ್ಟದ ಬಣ್ಣ ಇನ್ನೊಂದಿಲ್ಲ. ಸ್ವಲ್ಪ ಹೆಚ್ಚಾದರೆ ಸುಣ್ಣ, ಕಡಿಮೆಯಾದರೆ ಕೊಳೆ. ದ್ವಾರಕನಾಥರು ಅದನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿದರು. ಮಡಿಕೆಗಳ ನೆರಳಿನಲ್ಲಿ ತೆಳುವಾದ ನೀಲಿ, ಅಂಚಿನಲ್ಲಿ ಮಾತ್ರ ಅಪ್ಪಟ ಬಿಳಿ, ಮೇಲೆ ಬಿದ್ದ ಕೂದಲಿನ ಚೂರು ನಾಲ್ಕೇ ನಾಲ್ಕು. ಮುದುಕನ ಕಣ್ಣು ಕತ್ತರಿಯ ತುದಿಯ ಮೇಲೇ ಇತ್ತು. ನಾ ಕಂಡ ಮೂರು ಸಾವಿರದ ಎಂಟುನೂರರಲ್ಲಿ ಇಂಥದ್ದು ಇರಲಿಲ್ಲ ಎಂದು ಅವರಿಗೆ ಅನ್ನಿಸಿತು. ನಾಳೆಯ ತನಕ ಕಾಯಬೇಕೆಂಬ ನಿಯಮ ಈಗ ಯಾರಿಗಾಗಿ? ಬೊಂಬೆಯನ್ನು ಮೇಜಿನ ಮೇಲಿಟ್ಟು ಹೇಳಿದರು.

"ಎಂಟು."

ಪ್ರಣತಿ ನಗಲಿಲ್ಲ. ಬೊಂಬೆಯನ್ನು ಬಿಟ್ಟು ಅವರ ಮುಖವನ್ನು ನೋಡಿದಳು.

"ಇದು ನಿಜವಾದ ಎಂಟಾ ಅಂಕಲ್? ಇಲ್ಲ, ನಂಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದೀರಾ?"

ಕೇಳಿದ್ದರಲ್ಲಿ ಕೋಪವಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ಅವಳಿಗೆ ಗೊತ್ತಾಗಬೇಕಿತ್ತು, ಕೇಳಿದಳು. ದ್ವಾರಕನಾಥರು ನಿಜವಾದ್ದೇ ಎಂದರು. ನೀಲಿ ನೆರಳಿನ ಬಗ್ಗೆ, ಕತ್ತರಿಯ ತುದಿಯ ಬಗ್ಗೆ, ನಾಲ್ಕೇ ಕೂದಲಿನ ಬಗ್ಗೆ ಹೇಳತೊಡಗಿದರು. ಹೇಳುತ್ತ ಹೇಳುತ್ತ ತಮ್ಮ ದನಿ ಅನಂತರಾಮ್ ಮೈಕಿನಲ್ಲಿ ಆಡಿದ ದನಿಯ ಹಾಗೆ ತಮಗೇ ಕೇಳಿಸಿ, ನಡುವೆ ನಿಲ್ಲಿಸಿದರು.

"ಓಕೆ ಲಾ ಅಂಕಲ್, ಥ್ಯಾಂಕ್ಸ್," ಎಂದು ಅವಳು ಕ್ಷೌರಿಕನನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ತನ್ನ ಬ್ಲಾಕಿನ ಕಡೆ ಹೋದಳು. ಜನ್ಮದಲ್ಲಿ ದ್ವಾರಕನಾಥರು ಮನಸಾರೆ ಕೊಟ್ಟ ಮೊದಲ ಎಂಟು ಅದು. ಅದು ನಿಜವೆಂಬುದು ಅವರೊಬ್ಬರಿಗೆ ಮಾತ್ರ ಗೊತ್ತಿತ್ತು.